ಪ್ರಯಾಣಕ್ಕೆ ಮೊದಲ ಮ್ಯೂಸಿಕ್ ಪ್ಲೇಯರ್: ಡಬ್ಬದ ಮೇಲಿನ ನಂಬರ್ ಆಮೇಲೆ, ನಿಮ್ಮ ಹಾಡು ಎಲ್ಲಿದೆ ಅನ್ನೋದು ಮೊದಲು

ಪ್ರಶ್ನೆ: "ಸರ್, ನಾನು ಕುಮಟಾ ಕಡೆಯವಳು, ಕೆಲಸ ಬೆಂಗಳೂರಲ್ಲಿ. ತಿಂಗಳಿಗೆ ಎರಡು ಸಲ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ, ಟಿಕೆಟ್ ಸಿಗದಿದ್ರೆ ರಾತ್ರಿ ಬಸ್ಸಲ್ಲಿ ಊರಿಗೆ ಹೋಗ್ತೇನೆ. ಫೋನಲ್ಲಿ ಹಾಡು ಕೇಳ್ತಾ ಕೂತ್ರೆ ಸಕಲೇಶಪುರ ದಾಟಿದ ಮೇಲೆ ಸಿಗ್ನಲ್ ಇಲ್ಲ, ಅದಕ್ಕೂ ಮುಂಚೆ ಆಫೀಸಿನ ಮೆಸೇಜ್ ಕಾಟ, ಬೆಳಿಗ್ಗೆ ಇಳಿದು ಅಪ್ಪಯ್ಯಂಗೆ ಫೋನ್ ಮಾಡ್ಬೇಕು ಅಂದ್ರೆ ಚಾರ್ಜೇ ಇರಲ್ಲ. ಅದಕ್ಕೇ ಹಾಡಿಗೇ ಅಂತ ಒಂದು ಪ್ಲೇಯರ್ ತಗೊಳ್ಳೋಣ ಅಂತಿದ್ದೇನೆ. ಇದು ನನ್ನ ಮೊದಲನೇದು. ಬಜೆಟ್ ಹತ್ತು ಸಾವಿರ. ಅಂಗಡಿಯವರು 'ಎಂಪಿ3 ಕೇಳಿ ಕೇಳಿ ಕಿವಿ ಹಾಳಾಗತ್ತೆ, ಹೈ-ರೆಸ್ 24 ಬಿಟ್‌ನದ್ದೇ ತಗೊಳ್ಳಿ' ಅಂದ್ರು. ಗೆಳತಿ ಹಳೇ ಐಪಾಡ್ ಸೆಕೆಂಡ್‌ಹ್ಯಾಂಡ್ ತಗೋ ಅಂತಾಳೆ. ನನ್ನ ಹಳೇ ಆಂಡ್ರಾಯ್ಡ್ ಫೋನ್ ಒಂದಿದೆ, ಆದ್ರೆ ಅದರ ಹಿಂದಿನ ಕವರ್ ಸ್ವಲ್ಪ ಎದ್ದಿದೆ, ಅದನ್ನೇ ಬಳಸ್ಬಹುದಾ? ಅಪ್ಪಯ್ಯನ ಹತ್ರ ತಾಳಮದ್ದಳೆ ಕ್ಯಾಸೆಟ್ ಒಂದು ಪೆಟ್ಟಿಗೆ ತುಂಬ ಇದೆ, ಅದನ್ನೂ ಇದ್ರಲ್ಲಿ ಹಾಕ್ಕೊಂಡು ಕೇಳೋ ಆಸೆ. ವೈರ್ ಇರೋ ಇಯರ್‌ಫೋನೋ, ಬ್ಲೂಟೂತೋ?"

ಉತ್ತರ:

ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು, ಯಾಕಂದ್ರೆ ಯಾವ ದಾರಿ, ಏನು ಕೇಳ್ತೀರಿ, ಎಷ್ಟು ದುಡ್ಡು ಎಲ್ಲಾ ಬರೆದಿದ್ದೀರಿ. ಆಡಿಯೋ ರಿಪೇರಿ ಕೆಲಸ ಮಾಡೋ ನನ್ನ ಹತ್ರ ಬರೋರು ಸಾಮಾನ್ಯವಾಗಿ "ಒಳ್ಳೇದು ಯಾವ್ದು ಹೇಳಿ" ಅಂತ ಅಷ್ಟೇ ಕೇಳ್ತಾರೆ, ಅದಕ್ಕೆ ಉತ್ತರ ಕೊಡೋದು ಕಷ್ಟ. ನಿಮ್ಮ ಚಿಂತೆ ನನಗೆ ಅರ್ಥ ಆಗಿದ್ದು ಹೀಗೆ: ರಾತ್ರಿಯಿಡೀ ಸಿಗ್ನಲ್ ಇಲ್ಲದೆ, ಫೋನಿನ ಚಾರ್ಜ್ ತಿನ್ನದೆ, ನೆಮ್ಮದಿಯಾಗಿ ಹಾಡು-ಪ್ರಸಂಗ ಕೇಳ್ಬೇಕು, ಆದ್ರೆ ಗೊತ್ತಿಲ್ಲದ ವಿಷಯಕ್ಕೆ ಹತ್ತು ಸಾವಿರ ಹಾಕಿ ಮೋಸ ಹೋಗಬಾರದು. ಸರಿ ತಾನೆ?

ಪ್ಲೇಯರ್ ಬಗ್ಗೆ ಮಾತಾಡೋಕೆ ಮುಂಚೆ ನಾನು ಎಲ್ಲರಿಗೂ ಕೇಳೋ ಪ್ರಶ್ನೆ ಒಂದೇ, ನಿಮ್ಮ ಹಾಡುಗಳು ಈಗ ಎಲ್ಲಿವೆ? ಆ್ಯಪ್‌ನಲ್ಲಿ ಡೌನ್‌ಲೋಡ್ ಒತ್ತಿ ಇಟ್ಕೊಂಡಿರೋದು ನಿಮ್ಮ ಹತ್ರ ಇರೋ ಫೈಲ್ ಅಲ್ಲ, ಅದು ಬೀಗ ಹಾಕಿರೋ ಫೈಲ್, ಆ ಆ್ಯಪ್ ಒಳಗಷ್ಟೇ ಓಡತ್ತೆ, ಅದನ್ನ ಕಾಪಿ ಮಾಡಿ ಪ್ಲೇಯರ್‌ಗೆ ಹಾಕಕ್ಕಾಗಲ್ಲ. ಸ್ಪಾಟಿಫೈ ತರದ್ದು 30 ದಿನಕ್ಕೆ ಒಂದು ಸಲವಾದ್ರೂ ಇಂಟರ್ನೆಟ್‌ಗೆ ಹೋಗಿ ಬರ್ಬೇಕು ಅನ್ನತ್ತೆ, ಇಲ್ಲಾಂದ್ರೆ ಡೌನ್‌ಲೋಡ್ ಮಾಡಿದ್ದೂ ಓಡಲ್ಲ. ಸಾದಾ ಪ್ಲೇಯರ್‌ಗೆ ಬೇಕಾಗಿರೋದು ಬೀಗ ಇಲ್ಲದ ಫೈಲು, ಅಂದ್ರೆ ನೀವು ಕೊಂಡಿರೋ ಸಿಡಿಯಿಂದ ಕಂಪ್ಯೂಟರ್‌ಗೆ ಇಳಿಸಿದ್ದು, ದುಡ್ಡು ಕೊಟ್ಟು ಫೈಲ್ ರೂಪದಲ್ಲೇ ಕೊಂಡಿದ್ದು (ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟ್‌ನಲ್ಲಿ ಹಾಗೆ ಸಿಗತ್ತೆ, ಆಪಲ್‌ನ ಐಟ್ಯೂನ್ಸ್ ಸ್ಟೋರ್‌ನಲ್ಲಿ ಕೊಂಡ ಹಾಡೂ ಬೀಗ ಇಲ್ಲದ 256 ಕೆಬಿಪಿಎಸ್ ಎಎಸಿ ಫೈಲು, ಅಂದ್ರೆ ಎಂಪಿ3 ತರದ್ದೇ, ಸೆಕೆಂಡಿಗೆ 256 ಕಿಲೋಬಿಟ್ ಮಾಹಿತಿ ಇರೋದು), ಅಥವಾ ನಿಮ್ಮ ಅಪ್ಪಯ್ಯನ ಕ್ಯಾಸೆಟ್ಟಿಂದ ನೀವೇ ರೆಕಾರ್ಡ್ ಮಾಡ್ಕೊಂಡಿದ್ದು. ಪ್ಲೇಯರ್ ತಗೊಂಡು ಹೋಗಿ ವಾರದೊಳಗೆ "ಇದ್ರಲ್ಲಿ ಹಾಡು ಹಾಕೋದು ಹೇಗೆ" ಅಂತ ವಾಪಸ್ ಬಂದು, ಕೊನೆಗೆ ಡ್ರಾಯರ್‌ನಲ್ಲಿ ಇಟ್ಟವರನ್ನ ನಾನು ತುಂಬ ನೋಡಿದ್ದೀನಿ. ನೀವು ಕೇಳೋದ್ರಲ್ಲಿ ಮುಕ್ಕಾಲು ಪಾಲು ಆ್ಯಪ್‌ನಲ್ಲೇ ಇದ್ರೆ ನಿಮಗೆ ಬೇಕಾಗಿರೋದು ಬೇರೆ ಜಾತಿಯ ಪ್ಲೇಯರ್, ಅದಕ್ಕೆ ಹತ್ತು ಸಾವಿರ ಸಾಲಲ್ಲ, ಕೆಳಗೆ ಹೇಳ್ತೀನಿ. ಆದ್ರೆ ನಿಮ್ಮ ಹತ್ರ ಕ್ಯಾಸೆಟ್ ಪೆಟ್ಟಿಗೆ ಇದೆ ಅಂದ್ರಲ್ಲ, ಅದು ಯಾವ ಆ್ಯಪಲ್ಲೂ ಸಿಗದ ಸಂಗತಿ, ಅದೊಂದೇ ಸಾಕು ನಿಮಗೆ ಪ್ಲೇಯರ್ ಅರ್ಥಪೂರ್ಣ ಅನ್ನೋಕೆ.

ಈಗ ಅಂಗಡಿಯವರ ಮಾತು. ಎಂಪಿ3 ಕೇಳಿದ್ರೆ ಕಿವಿ ಹಾಳಾಗಲ್ಲ. ಕಿವಿ ಹಾಳಾಗೋದು ಸದ್ದು ಎಷ್ಟು ಜೋರು ಮತ್ತು ಎಷ್ಟು ಹೊತ್ತು ಅನ್ನೋದ್ರಿಂದ, ಫೈಲ್ ಯಾವ ಫಾರ್ಮ್ಯಾಟ್ ಅನ್ನೋದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಹೈ-ರೆಸ್ ಫೈಲನ್ನ (ಸಿಡಿಗಿಂತ ಹೆಚ್ಚು ವಿವರ ಹಿಡಿದಿಟ್ಟ ಫೈಲು) ಜೋರಾಗಿ ಕೇಳಿದ್ರೂ ಅಷ್ಟೇ ಹಾಳು.

ಇನ್ನು 24 ಬಿಟ್, 192 ಕಿಲೋಹರ್ಟ್ಸ್ ಅನ್ನೋ ನಂಬರ್‌ಗಳು. ಸಿಡಿ ಅಂದ್ರೆ 16 ಬಿಟ್, 44.1 ಕಿಲೋಹರ್ಟ್ಸ್. ಇದ್ರಲ್ಲಿ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸ್ವರ ಹಿಡಿಯಕ್ಕಾಗತ್ತೆ, ಮನುಷ್ಯರ ಕಿವಿ ಚಿಕ್ಕ ವಯಸ್ಸಲ್ಲಿ ಕೇಳೋದೇ ಹೆಚ್ಚಂದ್ರೆ 20, ವಯಸ್ಸಾದ ಹಾಗೆ ಅದೂ ಇಳಿಯತ್ತೆ. 16 ಬಿಟ್ ಅಂದ್ರೆ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿಗೂ ಮಧ್ಯೆ ಸುಮಾರು 96 ಡೆಸಿಬೆಲ್ ಜಾಗ. ರೈಲು ಓಡ್ತಿರುವಾಗ ಅದ್ರಲ್ಲಿ ಕೆಳಗಿನ ಅರ್ಧ ಗಾಲಿ ಸದ್ದಲ್ಲೇ ಮುಳುಗಿ ಹೋಗಿರತ್ತೆ. ಸ್ಟುಡಿಯೋದಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವಾಗ 24 ಬಿಟ್ ಖಂಡಿತ ಬೇಕು, ಅಲ್ಲಿ ನಾನೂ ಅದನ್ನೇ ಬಳಸ್ತೀನಿ, ಆದ್ರೆ ಮುಗಿದ ಹಾಡನ್ನ ಬಸ್ಸಲ್ಲಿ ಕೂತು ಕೇಳೋಕೆ ಅದರಿಂದ ಸಿಗೋ ಲಾಭ ಕಿವಿಗೆ ಗೊತ್ತಾಗೋ ಅಷ್ಟಿಲ್ಲ. ಕ್ಯಾಸೆಟ್ ವಿಷಯಕ್ಕೆ ಬಂದ್ರೆ ಇನ್ನೂ ಸ್ಪಷ್ಟ, ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿನ ಒಟ್ಟು ವ್ಯಾಪ್ತಿ ಸುಮಾರು 50-60 ಡೆಸಿಬೆಲ್, ಅದಕ್ಕೆ 16 ಬಿಟ್ಟೇ ಬೇಕಾದಷ್ಟಾಯ್ತು.

ಎಂಪಿ3 ಬಗ್ಗೆ ಒಂದು ಮಾತು ಮಾತ್ರ ನಿಜ. 128 ಕೆಬಿಪಿಎಸ್‌ಗೆ ಹಿಂಡಿದ ಹಾಡಲ್ಲಿ ತಾಳ, ಗೆಜ್ಜೆ, ಸಿಂಬಲ್ ಸದ್ದು ಮಸುಕಾಗೋದು ಗಮನ ಕೊಟ್ಟು ಕೇಳಿದ್ರೆ ಗೊತ್ತಾಗತ್ತೆ. 320ಕ್ಕೆ ಹೋದ್ರೆ, ಯಾವುದು ಯಾವುದು ಅಂತ ಹೇಳದೆ ಕೇಳಿಸಿದಾಗ, ಸಿಡಿಗೂ ಅದಕ್ಕೂ ವ್ಯತ್ಯಾಸ ಹೇಳೋದು ಹೆಚ್ಚಿನವರಿಗೆ ಆಗಲ್ಲ. ಆದ್ರೆ ಹುಷಾರು, ಎಲ್ಲಿಂದಲೋ ಇಳಿಸಿದ ಫೈಲಿನ ಮೇಲೆ "320" ಅಂತ ಬರೆದಿದ್ದ ಮಾತ್ರಕ್ಕೆ ಅದು 320 ಅಲ್ಲ. 128ರ ಫೈಲನ್ನೇ ಮತ್ತೆ 320ಕ್ಕೋ ಫ್ಲ್ಯಾಕ್‌ಗೋ (ಗುಣಮಟ್ಟ ಕಳೆಯದೆ ಹಿಂಡೋ ಫಾರ್ಮ್ಯಾಟ್) ಬದಲಾಯಿಸಿ ಹಾಕಿರ್ತಾರೆ, ನೀರು ಬೆರೆಸಿದ ಹಾಲನ್ನ ದೊಡ್ಡ ಪಾತ್ರೆಗೆ ಸುರಿದ್ರೆ ಗಟ್ಟಿಯಾಗಲ್ವಲ್ಲ, ಹಾಗೇ ಇದೂ, ಒಂದ್ಸಲ ಕಳೆದುಹೋಗಿದ್ದು ವಾಪಸ್ ಬರಲ್ಲ. ಕಂಪ್ಯೂಟರ್‌ನಲ್ಲಿ ಸ್ಪೆಕ್ ಅನ್ನೋ ಪುಟ್ಟ ಉಚಿತ ಪ್ರೋಗ್ರಾಂ ಹಾಕಿ ಫೈಲ್ ತೆರೆದ್ರೆ ಹಾಡಿನ ಸ್ವರವ್ಯಾಪ್ತಿ ಚಿತ್ರದಲ್ಲಿ ಕಾಣತ್ತೆ, 16 ಕಿಲೋಹರ್ಟ್ಸ್ ಹತ್ರ ಕತ್ತರಿಸಿದ ಹಾಗೆ ನಿಂತಿದ್ರೆ ಅದರ ಮೂಲ 128ರ ಆಸುಪಾಸಿನದ್ದು ಅಂತ ಸಾಮಾನ್ಯವಾಗಿ ಹೇಳ್ಬಹುದು.

ಹಾಗಾದ್ರೆ ಪ್ರಯಾಣದಲ್ಲಿ ಸದ್ದು ಚೆನ್ನಾಗಿ ಕೇಳ್ಬೇಕು ಅಂದ್ರೆ ದುಡ್ಡು ಎಲ್ಲಿ ಹಾಕ್ಬೇಕು? ಇಯರ್‌ಫೋನ್‌ಗೆ. ಅದ್ರಲ್ಲೂ ಅದು ಕಿವಿಯನ್ನ ಎಷ್ಟು ಚೆನ್ನಾಗಿ ಮುಚ್ಚತ್ತೆ ಅನ್ನೋದಕ್ಕೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ನಿಮ್ಮ ಕಿವಿಯ ವಿಷಯ.

ಓಡೋ ಬಸ್ಸಿನೊಳಗೆ 80 ಡೆಸಿಬೆಲ್ ಆಸುಪಾಸು ಸದ್ದು ಇರೋದು ಮಾಮೂಲು. ಕಿವಿ ಮುಚ್ಚದ ಇಯರ್‌ಫೋನ್, ಅಂದ್ರೆ ಫೋನ್ ಜೊತೆ ಬರ್ತಿದ್ದ ಗಟ್ಟಿ ಪ್ಲಾಸ್ಟಿಕ್ಕಿನದ್ದು ಹಾಕ್ಕೊಂಡ್ರೆ, ಹಾಡು ಕೇಳಿಸ್ಬೇಕು ಅಂತ ನಾವು ನಮಗೇ ಗೊತ್ತಿಲ್ಲದೆ ವಾಲ್ಯೂಮ್‌ನ ಆ ಸದ್ದಿಗಿಂತ ಮೇಲೆ, 90ರ ಹತ್ರಕ್ಕೆ ಒಯ್ತೀವಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೆಕ್ಕ ಏನಂದ್ರೆ, 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳ್ಬಹುದು, 90ಕ್ಕೆ ಹೋದ್ರೆ ವಾರಕ್ಕೆ ಬರೀ 4 ಗಂಟೆ. ಯಾಕೆ ಇಷ್ಟು ಕಮ್ಮಿ ಅಂದ್ರೆ ಪ್ರತಿ 3 ಡೆಸಿಬೆಲ್‌ಗೆ ಸದ್ದಿನ ಶಕ್ತಿ ಎರಡರಷ್ಟಾಗತ್ತೆ, ಕೇಳೋ ಹೊತ್ತು ಅರ್ಧಕ್ಕೆ ಇಳೀಬೇಕಾಗತ್ತೆ. ನಿಮ್ಮ ಒಂದೇ ರಾತ್ರಿಯ ಪ್ರಯಾಣದಲ್ಲಿ ವಾರದ ಕೋಟಾ ಮುಗಿದುಹೋಗ್ಬಹುದು. ಅದೇ ಸಿಲಿಕಾನ್ ಟಿಪ್ ಇರೋ, ಕಿವಿಯೊಳಗೆ ಸರಿಯಾಗಿ ಕೂರೋ ಇಯರ್‌ಫೋನ್ ಹೊರಗಿನ ಸದ್ದನ್ನ 15-20 ಡೆಸಿಬೆಲ್ ಇಳಿಸತ್ತೆ, ಆಗ 70ರಲ್ಲೇ ಹಾಡು ಸ್ಪಷ್ಟವಾಗಿ ಕೇಳತ್ತೆ, ರಾತ್ರಿಯಿಡೀ ಕೇಳಿದ್ರೂ ತೊಂದ್ರೆ ಇಲ್ಲ. ನೋಡಿ, ಪ್ಲೇಯರ್ ಯಾವುದಾದ್ರೂ ಸರಿ, ಈ ಒಂದು ವಿಷಯದಿಂದ ಆಗೋ ವ್ಯತ್ಯಾಸದ ಮುಂದೆ ಬಿಟ್ಟು-ಹರ್ಟ್ಸು ಎಲ್ಲಾ ಸಣ್ಣದು.

ಟಿಪ್ ಡಬ್ಬದಲ್ಲಿ ಮೂರು ಸೈಜ್ ಇರತ್ತೆ, ಹೆಚ್ಚಿನವರು ಮೊದಲೇ ಹಾಕಿರೋ ಮಧ್ಯದ ಸೈಜಲ್ಲೇ ಇದ್ದುಬಿಡ್ತಾರೆ. ಮೂರನ್ನೂ ಹಾಕಿ ನೋಡಿ, ಎಡಕ್ಕೆ ಒಂದು ಸೈಜ್ ಬಲಕ್ಕೆ ಇನ್ನೊಂದು ಬೇಕಾಗೋದೂ ಉಂಟು. ಸರಿಯಾಗಿ ಕೂತಿದೆಯಾ ಅಂತ ತಿಳಿಯೋದು ಸುಲಭ: ಮದ್ದಳೆಯ ಎಡದ ಪೆಟ್ಟು ತುಂಬಿಕೊಂಡು ಕೇಳಿದ್ರೆ ಕೂತಿದೆ, ಸಪ್ಪೆಯಾಗಿ ಡಬ್ಬ ಬಡಿದ ಹಾಗಿದ್ರೆ ಎಲ್ಲೋ ಗಾಳಿ ಹೋಗ್ತಿದೆ. "ಈ ಇಯರ್‌ಫೋನ್‌ನಲ್ಲಿ ಬೇಸ್ ಇಲ್ಲ" ಅಂತ ತಂದವರಿಗೆ ನಾನು ಮೊದಲು ಮಾಡೋದೇ ಟಿಪ್ ಬದಲಾಯಿಸಿ ಕೊಡೋದು, ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯತ್ತೆ. ಇದೆಲ್ಲ ಸೀಟಲ್ಲಿ ಕೂತಾಗ ಮಾತ್ರ ಮತ್ತೆ, ಸ್ಟೇಷನ್‌ನಲ್ಲಿ ಇಳಿದು ಹಳಿ ಹತ್ರ, ರಸ್ತೆ ಪಕ್ಕ ನಡೆಯುವಾಗ ಎರಡೂ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಕಿವಿ ಅಷ್ಟು ಮುಚ್ಚಿದ್ರೆ ಹಾರ್ನೂ ಕೇಳಲ್ಲ.

ವೈರೋ ಬ್ಲೂಟೂತೋ ಅಂದ್ರಿ. ನಿಮ್ಮ ಪ್ರಯಾಣಕ್ಕೆ ನಾನು ವೈರ್ ಅಂತೀನಿ. ಬ್ಲೂಟೂತ್ ಕೆಟ್ಟದ್ದು ಅಂತಲ್ಲ. ವೈರ್‌ಲೆಸ್ ಬಡ್ಸ್ ಒಂದು ಚಾರ್ಜ್‌ಗೆ ಐದಾರು-ಎಂಟು ಗಂಟೆ, ಆಮೇಲೆ ಡಬ್ಬಿಗೆ ಹಾಕಿ ಕಾಯ್ಬೇಕು, ರಾತ್ರಿ ಬರ್ತ್‌ನಲ್ಲಿ ನಿದ್ದೆ ಹತ್ತಿದಾಗ ಒಂದು ಬಿದ್ದು ಸೀಟಿನ ಸಂದೀಲಿ ಸೇರಿದ್ರೆ ಮುಗೀತು. ಜೊತೆಗೆ ಪ್ಲೇಯರ್, ಬಡ್ಸ್, ಡಬ್ಬಿ ಅಂತ ಮೂರು ಬ್ಯಾಟರಿ ನೋಡ್ಕೋಬೇಕು, ನೀವು ತಪ್ಪಿಸ್ಕೊಳ್ಳೋಕೆ ಹೊರಟಿದ್ದೇ ಚಾರ್ಜ್ ಚಿಂತೆಯಿಂದ. ಎಎನ್‌ಸಿ ಅಂತಾರಲ್ಲ, ಹೊರಗಿನ ಸದ್ದು ಅಳಿಸೋದು, ಅದು ಎಂಜಿನ್ನಿನ ಗುಂಯ್ ಅನ್ನೋ ಒಂದೇ ಸಮನೆ ಸದ್ದಿಗೆ ನಿಜವಾಗ್ಲೂ ಚೆನ್ನಾಗಿ ಕೆಲಸ ಮಾಡತ್ತೆ, ಪಕ್ಕದವರ ಮಾತು, ಹಾರ್ನ್, ಮಗು ಅಳೋದು ಇದಕ್ಕೆಲ್ಲ ಅಷ್ಟಿಲ್ಲ. ನಿಮ್ಮ ಹತ್ರ ಒಳ್ಳೇ ಎಎನ್‌ಸಿ ಹೆಡ್‌ಫೋನ್ ಈಗಾಗಲೇ ಇದ್ರೆ ಅದನ್ನ ಬಳಸಿ, ಇಲ್ಲಾಂದ್ರೆ ಈ ಬಜೆಟ್‌ನಲ್ಲಿ ಅದಕ್ಕೆ ಹೋಗ್ಬೇಡಿ. ಇನ್ನೊಂದು, "ಬ್ಲೂಟೂತ್ 5.0 ಇದೆ, ಸೌಂಡ್ ಸೂಪರ್" ಅಂದ್ರೆ ನಂಬ್ಬೇಡಿ, ಆ ನಂಬರ್ ಸದ್ದಿನ ಗುಣಮಟ್ಟದ್ದಲ್ಲ. ಸದ್ದು ನಿರ್ಧಾರ ಆಗೋದು ಕೋಡೆಕ್‌ನಿಂದ, ಅಂದ್ರೆ ಬ್ಲೂಟೂತ್‌ನಲ್ಲಿ ಕಳಿಸೋಕೆ ಹಾಡನ್ನ ಹಿಂಡೋ ರೀತಿಯಿಂದ. ಎಸ್‌ಬಿಸಿ ಎಲ್ಲದ್ರಲ್ಲೂ ಇರತ್ತೆ, 328 ಕೆಬಿಪಿಎಸ್‌ವರೆಗೆ ಸಾಮಾನ್ಯ, ಸೋನಿಯ ಎಲ್‌ಡ್ಯಾಕ್ 990ವರೆಗೆ ಹೋಗತ್ತೆ, ಆದ್ರೆ ಪ್ಲೇಯರ್ ಮತ್ತು ಇಯರ್‌ಫೋನ್ ಎರಡ್ರಲ್ಲೂ ಅದೇ ಇದ್ರೆ ಮಾತ್ರ.

ಇನ್ನು ಆಯ್ಕೆಗಳು. ನಿಮ್ಮ ಹಳೇ ಫೋನಿಂದ ಶುರು ಮಾಡ್ತೀನಿ. ಸಾಮಾನ್ಯವಾಗಿ ನಾನೇ ಹೇಳೋದು, ಹಳೇ ಫೋನಿಗೆ ಸಿಮ್ ತೆಗೆದು, ಏರೋಪ್ಲೇನ್ ಮೋಡ್ ಹಾಕಿ, ಮ್ಯೂಸಿಕೊಲೆಟ್ ಅಥವಾ ವಿಎಲ್‌ಸಿ ತರದ ಆ್ಯಪ್ ಹಾಕಿದ್ರೆ ಅದೇ ಒಳ್ಳೇ ಪ್ಲೇಯರ್, ಖರ್ಚೇ ಇಲ್ಲ ಅಂತ. ಆದ್ರೆ ನಿಮ್ಮದು ಹಿಂದಿನ ಕವರ್ ಎದ್ದಿದೆ ಅಂದ್ರಲ್ಲ, ಅದು ಒಳಗೆ ಬ್ಯಾಟರಿ ಉಬ್ಬಿರೋ ಲಕ್ಷಣ. ಲಿಥಿಯಂ ಬ್ಯಾಟರಿ ಹಳೇದಾಗಿ ಒಳಗೆ ಗ್ಯಾಸ್ ತುಂಬಿದಾಗ ಹಾಗಾಗತ್ತೆ. ದಯವಿಟ್ಟು ಅದನ್ನ ಇನ್ನು ಚಾರ್ಜ್‌ಗೆ ಹಾಕ್ಬೇಡಿ, ಒತ್ತಿ ಕವರ್ ಕೂರಿಸೋಕೆ ಹೋಗ್ಬೇಡಿ, ಬ್ಯಾಗಲ್ಲಿ ಹಾಕ್ಕೊಂಡು ರೈಲು ಹತ್ತೋದಂತೂ ಬೇಡ್ವೇ ಬೇಡ, ಚುಚ್ಚಿ ಹೋದ್ರೆ ಬೆಂಕಿ ಹತ್ಕೊಳ್ಳತ್ತೆ. ಸರ್ವಿಸ್‌ನವರ ಹತ್ರ ಬ್ಯಾಟರಿ ತೆಗೆಸಿ, ಒಳ್ಳೇ ಬ್ಯಾಟರಿ ಸಿಕ್ಕಿ ಅವರೇ ಹಾಕಿಕೊಟ್ರೆ ಆ ಫೋನನ್ನ ಧೈರ್ಯವಾಗಿ ಬಳಸಿ, ಸಿಗದಿದ್ರೆ ಇ-ವೇಸ್ಟ್‌ಗೆ ಕೊಡಿ, ಮನೆ ಕಸದ ಬುಟ್ಟಿಗಲ್ಲ.

ಈಗಿನ ಫೋನಿಗೇ ಟೈಪ್-ಸಿ ಯಿಂದ 3.5 ಎಂಎಂ ಮಾಡೋ ಪುಟ್ಟ ಡಾಂಗಲ್ ಹಾಕೋ ದಾರಿ ಇದೆ, ಸದ್ದಿನ ಮಟ್ಟಿಗೆ ಕಮ್ಮಿ ದುಡ್ಡಲ್ಲಿ ಇದಕ್ಕಿಂತ ಒಳ್ಳೇದಿಲ್ಲ. ಆದ್ರೆ ಚಾರ್ಜ್ ಮತ್ತು ಆಫೀಸ್ ಮೆಸೇಜ್, ನಿಮ್ಮ ಎರಡೂ ಸಮಸ್ಯೆ ಹಾಗೇ ಉಳಿಯತ್ತೆ. ಅದಕ್ಕೆ ಇದನ್ನ ಬಿಡೋಣ. ಯಾರಾದ್ರೂ ತಗೊಳ್ಳೋದಾದ್ರೆ ಒಳಗೆ ಡ್ಯಾಕ್ (ಡಿಜಿಟಲ್ ಫೈಲನ್ನ ಇಯರ್‌ಫೋನಿಗೆ ಹೋಗೋ ಸಿಗ್ನಲ್ ಮಾಡೋ ಚಿಪ್) ಇರೋದನ್ನೇ ಕೇಳಿ ತಗೊಳ್ಳಿ, ನೂರು ರೂಪಾಯಿಯ ಬರೀ ವೈರ್ ಕನೆಕ್ಟರ್ ಎಲ್ಲಾ ಫೋನಲ್ಲೂ ಓಡಲ್ಲ.

ಕೀಪ್ಯಾಡ್ ಫೋನ್ ಅಂದ್ರೆ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ನನಗೆ ಅದು ಬೇಸರ. ಎರಡು ಸಾವಿರದೊಳಗೆ ಮೆಮೊರಿ ಕಾರ್ಡ್ ಹಾಕೋ, 3.5 ಜ್ಯಾಕ್ ಇರೋ, ಎಫ್‌ಎಂ ಇರೋ ಕೀಪ್ಯಾಡ್ ಫೋನ್‌ಗಳು ಸಿಗತ್ತೆ, ಹೆಚ್ಚಿನದ್ರಲ್ಲಿ 32 ಜಿಬಿ ಕಾರ್ಡ್‌ವರೆಗೆ ಹಾಕ್ಬಹುದು, ಬ್ಯಾಟರಿ ನಾವೇ ಬಿಚ್ಚಿ ಹಾಕೋ ತರದ್ದು, ಕತ್ತಲಲ್ಲೂ ಬೆರಳಿಗೆ ಬಟನ್ ಸಿಗತ್ತೆ. ಮಾತು ಮುಖ್ಯ ಆಗಿರೋ ತಾಳಮದ್ದಳೆಗೆ ಇದು ಧಾರಾಳ ಸಾಕು. ತೊಂದ್ರೆ ಏನಂದ್ರೆ ಸೂಕ್ಷ್ಮ ಇಯರ್‌ಫೋನ್ ಹಾಕಿದ್ರೆ ಹಿಂದೆ ಸುಸ್ ಅನ್ನೋ ಸದ್ದು ಕೇಳತ್ತೆ, ಫ್ಲ್ಯಾಕ್ ಸಾಮಾನ್ಯವಾಗಿ ಓಡಲ್ಲ, ನಿಲ್ಲಿಸಿದ ಜಾಗ ನೆನಪಿಟ್ಕೊಳ್ಳಲ್ಲ. ಬಜೆಟ್ ತೀರಾ ಕಮ್ಮಿ ಇರೋರಿಗೆ ನಾನು ಮನಸ್ಸಾರೆ ಇದನ್ನೇ ಹೇಳ್ತೀನಿ.

ಆನ್‌ಲೈನ್‌ನಲ್ಲಿ ಸಾವಿರ-ಎರಡು ಸಾವಿರಕ್ಕೆ ಹೆಸರೇ ಕೇಳಿರದ ಕಂಪನಿಯ ಚೆಂದದ ಎಂಪಿ3 ಪ್ಲೇಯರ್‌ಗಳು ರಾಶಿ ಇವೆ, ಇವುಗಳ ಬಗ್ಗೆ ನನಗೆ ಹೆಚ್ಚು ಭಯ. ಒಳಗಡೆ 64 ಜಿಬಿ ಅಂತ ತೋರಿಸಿ ನಿಜಕ್ಕೂ ಅದರಲ್ಲಿ ನಾಲ್ಕನೇ ಒಂದು ಭಾಗವೂ ಇರದ್ದು, ಬಟನ್ ಆರು ತಿಂಗಳಿಗೆ ಸಡಿಲ ಆಗೋದು, ಬ್ಯಾಟರಿ ಹೋದ್ರೆ ಹಾಕೋಕೆ ಬ್ಯಾಟರಿ ಸಿಗದೇ ಇರೋದು, ಇವನ್ನೆಲ್ಲ ನನ್ನ ಬೆಂಚಿನ ಮೇಲೆ ನೋಡ್ತಾನೇ ಇರ್ತೀನಿ. ಟೈಪ್-ಸಿ ಪೋರ್ಟ್ ಇದ್ರೂ ನಿಮ್ಮ ಫೋನಿನ ಸಿ-ಟು-ಸಿ ಚಾರ್ಜರ್‌ಗೆ ಹಾಕಿದ್ರೆ ಚಾರ್ಜೇ ಆಗದ್ದೂ ಉಂಟು. ಆ ಪೋರ್ಟ್ ಹತ್ರ ಇರಬೇಕಾದ ಎರಡು ಸಣ್ಣ ರೆಸಿಸ್ಟರ್ ಹಾಕದೆ ಉಳಿಸಿರ್ತಾರೆ, ಅದಿಲ್ಲದಿದ್ರೆ ಚಾರ್ಜರ್‌ಗೆ ಆ ಕಡೆ ಏನೋ ಇದೆ ಅಂತಾನೇ ತಿಳಿಯಲ್ಲ. ಅಂಥದ್ದಕ್ಕೆ ಹಳೇ ಅಗಲದ ಯುಎಸ್‌ಬಿಯಿಂದ ಸಿಗೆ ಬರೋ ಕೇಬಲ್ ಹಾಕಿದ್ರೆ ಆಗತ್ತೆ.

ನಿಮ್ಮ ಬಜೆಟ್‌ಗೆ ಸರಿಹೊಂದೋದು ಐದರಿಂದ ಏಳು ಸಾವಿರದ ಮಧ್ಯದವು. ಫಿಯೊ, ಹೈಬಿ, ಶಾನ್‌ಲಿಂಗ್ ಅನ್ನೋ ಕಂಪನಿಗಳು ಈ ಕೆಲಸವನ್ನೇ ಮಾಡೋರು, ಇವರ ಚಿಕ್ಕ ಪ್ಲೇಯರ್‌ಗಳಲ್ಲಿ ಆಂಡ್ರಾಯ್ಡ್ ಇರಲ್ಲ, ಅವರದ್ದೇ ಸರಳ ಸಾಫ್ಟ್‌ವೇರ್, ಕಾರ್ಡ್ ಹಾಕೋ ಜಾಗ, ಸದ್ದು ಶುದ್ಧ, ಬ್ಯಾಟರಿ ಹನ್ನೆರಡು-ಹದಿನೈದು ಗಂಟೆ ಅಂತ ಹೇಳ್ಕೊಳ್ತಾರೆ. ಆ ಗಂಟೆ ಲೆಕ್ಕ ಸ್ಕ್ರೀನ್ ಆಫ್ ಇಟ್ಟು, ಕಮ್ಮಿ ವಾಲ್ಯೂಮ್‌ನಲ್ಲಿ, ವೈರ್‌ನಲ್ಲಿ ಕೇಳಿದ್ದು, ಅದಕ್ಕೆ ಕಾಲು ಭಾಗ ಕಳೆದು ಲೆಕ್ಕ ಹಾಕಿ, ಆಗ್ಲೂ ನಿಮ್ಮ ರಾತ್ರಿ ಬಹುಪಾಲು ಕಳೆಯತ್ತೆ. ಅಪಾಯ ಅಂದ್ರೆ ಸರ್ವಿಸ್. ಪ್ರತಿ ಊರಲ್ಲಿ ಸರ್ವಿಸ್ ಸೆಂಟರ್ ಇಲ್ಲ, ಆದ್ದರಿಂದ ಭಾರತದಲ್ಲೇ ವಾರಂಟಿ ಕೊಡೋ ಮಾರಾಟಗಾರರಿಂದ, ಬಿಲ್ ಸಮೇತ ತಗೊಳ್ಳಿ, ಹೊರಗಿಂದ ತರಿಸಿದ್ದು ಐನೂರು ಕಮ್ಮಿ ಅಂತ ಹೋಗ್ಬೇಡಿ. ಪೂರ್ತಿ ಟಚ್‌ಸ್ಕ್ರೀನ್ ಮೇಲೇ ನಡೆಯೋದಕ್ಕಿಂತ ಪಕ್ಕದಲ್ಲಿ ನಿಜವಾದ ಬಟನ್ ಇರೋದು ಆರಿಸ್ಕೊಳ್ಳಿ, ಹೊದಿಕೆ ಒಳಗೇ ಕೈಯಾಡಿಸಿ ನಿಲ್ಲಿಸ್ಬಹುದು. ಮತ್ತೆ ಹೋಲ್ಡ್, ಅಂದ್ರೆ ಬಟನ್ ಲಾಕ್ ಇದೆಯಾ ನೋಡಿ, ಇಲ್ಲದಿದ್ರೆ ಜೇಬಲ್ಲೇ ಹಾಡು ಬದಲಾಗ್ತಾ ಇರತ್ತೆ.

ಆ್ಯಪ್ ಬೇಕೇ ಬೇಕು ಅನ್ನೋರಿಗೆ ಆಂಡ್ರಾಯ್ಡ್ ಇರೋ ಪ್ಲೇಯರ್, ಉದಾಹರಣೆಗೆ ಸೋನಿಯ 2023ರ ವಾಕ್‌ಮನ್ ಎನ್‌ಡಬ್ಲ್ಯೂ-ಎ306, ಪುಟ್ಟ 3.6 ಇಂಚಿನದ್ದು, ವೈಫೈ ಇದೆ ಸಿಮ್ ಇಲ್ಲ, ಮನೆಯಲ್ಲೇ ಆ್ಯಪ್‌ನಿಂದ ಡೌನ್‌ಲೋಡ್ ಮಾಡ್ಕೊಂಡು ಹೋಗ್ಬಹುದು. ತುಂಬ ಚೆಂದದ ವಸ್ತು, ಆದ್ರೆ ಈ ಜಾತಿಯವಕ್ಕೆ ಇಪ್ಪತ್ತು ಸಾವಿರದ ಮೇಲೇ ಹೋಗ್ಬೇಕು. ಇನ್ನೊಂದು ಚಿಂತೆ, ಇವಕ್ಕೆ ಆಂಡ್ರಾಯ್ಡ್ ಅಪ್‌ಡೇಟ್ ಬೇಗ ನಿಂತುಹೋಗತ್ತೆ, ಕೆಲವು ವರ್ಷ ಆದ್ಮೇಲೆ ಆ್ಯಪ್‌ಗಳೇ "ನಿಮ್ಮ ಸಾಫ್ಟ್‌ವೇರ್ ಹಳೇದು" ಅಂತ ಓಡಲ್ಲ ಅನ್ನಬಹುದು. ಸರಳ ಪ್ಲೇಯರ್‌ಗೆ ಆ ಕಾಯಿಲೆ ಇಲ್ಲ, ಎಂಪಿ3 ಫೈಲ್ ಹತ್ತು ವರ್ಷ ಬಿಟ್ಟೂ ಓಡತ್ತೆ.

ಐಪಾಡ್ ಬಗ್ಗೆ ನಿಮ್ಮ ಗೆಳತಿಗೆ ಇರೋ ಪ್ರೀತಿ ನನಗೆ ಅರ್ಥ ಆಗತ್ತೆ, ಆ ಚಕ್ರದ ಮೇಲೆ ಹೆಬ್ಬೆರಳು ತಿರುಗಿಸೋ ಸುಖ ಇವತ್ತಿನ ಯಾವ ಪ್ಲೇಯರಲ್ಲೂ ಇಲ್ಲ. ಆದ್ರೆ ಮೊದಲ ಪ್ಲೇಯರ್ ಆಗಿ ಬೇಡ. ಐಪಾಡ್ ಕ್ಲಾಸಿಕ್ ನಿಂತಿದ್ದು 2014ರಲ್ಲಿ, ಕೊನೆಯದಾಗಿ ಉಳಿದಿದ್ದ ಐಪಾಡ್ ಟಚ್ ಕೂಡ 2022ರ ಮೇ ತಿಂಗಳಲ್ಲಿ ನಿಂತ್ಹೋಯ್ತು, ಅಂದ್ರೆ ನಿಮಗೆ ಸಿಗೋದ್ರಲ್ಲಿ ಬ್ಯಾಟರಿ ಖಂಡಿತ ಮುದಿಯಾಗಿರತ್ತೆ. ಕ್ಲಾಸಿಕ್‌ನಲ್ಲಿರೋದು ಒಳಗೆ ತಿರುಗೋ ಪುಟ್ಟ ಹಾರ್ಡ್‌ಡಿಸ್ಕ್, ಇಷ್ಟು ವರ್ಷ ಕುಲುಕಾಡಿದ್ದು ಯಾವಾಗ ಕೈಕೊಡತ್ತೆ ಹೇಳಕ್ಕಾಗಲ್ಲ. ಫೈಲ್ ಎಳೆದು ಹಾಕಿದ್ರೆ ಆಗಲ್ಲ, ಐಟ್ಯೂನ್ಸ್ (ಈಗಿನ ಮ್ಯಾಕ್‌ನಲ್ಲಾದ್ರೆ ಫೈಂಡರ್) ಮೂಲಕ ಸಿಂಕ್ ಮಾಡ್ಬೇಕು, ಫ್ಲ್ಯಾಕ್ ಹಾಗೇ ಓಡಲ್ಲ. ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಹಾಕಿ, ರಾಕ್‌ಬಾಕ್ಸ್ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕಿ ಮತ್ತೆ ಜೀವ ಕೊಡೋರಿದ್ದಾರೆ, ಅದು ಬಿಚ್ಚಿ ಕಟ್ಟೋ ಹವ್ಯಾಸ ಇರೋರಿಗೆ.

ಈಗ ಯಾವ ಇಂಗ್ಲಿಷ್ ರಿವ್ಯೂನಲ್ಲೂ ಬರೆಯದ, ಆದ್ರೆ ನಮಗೆ ತುಂಬ ಮುಖ್ಯವಾದ ವಿಷಯ. ಕನ್ನಡ ಅಕ್ಷರ. ಆಂಡ್ರಾಯ್ಡ್ ಇಲ್ಲದ ಪ್ಲೇಯರ್‌ಗಳಲ್ಲಿ ಹಾಡಿನ ಹೆಸರು ಕನ್ನಡದಲ್ಲಿದ್ರೆ ಎಷ್ಟೋ ಸಲ ಬರೀ ಖಾಲಿ ಚೌಕ ಚೌಕ ಕಾಣತ್ತೆ, ಅಕ್ಷರ ಬಂದ್ರೂ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದಿರತ್ತೆ. ಫಾಂಟ್ ಇದ್ರೆ ಸಾಲದು, ಅಕ್ಷರ ಕೂಡಿಸಿ ಒತ್ತು ಕೆಳಗೆ ಕೂರಿಸೋ ಕೆಲಸ ಬೇರೆ, ಆ ಭಾಗವನ್ನ ಚಿಕ್ಕ ಚಿಪ್‌ನ ಸಾಫ್ಟ್‌ವೇರ್‌ನಲ್ಲಿ ಹಾಕಿರಲ್ಲ. ಅಂಗಡೀಲಿ ಕೈಗೆ ಸಿಕ್ಕಿದ್ರೆ ನಿಮ್ಮದೇ ಕಾರ್ಡ್ ಹಾಕಿ "ಕೃಷ್ಣಸಂಧಾನ" ಅಂತ ಹೆಸರಿರೋ ಫೈಲ್ ತೆರೆದು ನೋಡಿ, ಅಲ್ಲೇ ಗೊತ್ತಾಗತ್ತೆ. ಕಾಣದಿದ್ರೆ ಪ್ಲೇಯರ್ ಬಿಡ್ಬೇಕು ಅಂತೇನಿಲ್ಲ, ಎಂಪಿ3ಟ್ಯಾಗ್ ಅನ್ನೋ ಪ್ರೋಗ್ರಾಂನಲ್ಲಿ ಹೆಸರುಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಆಯ್ತು. ಬರೆಯುವಾಗ ಫೈಲ್ ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕಿ. ಅಗ್ಗದ ಪ್ಲೇಯರ್‌ಗಳು ಫೈಲನ್ನ ಕಾರ್ಡ್‌ಗೆ ಕಾಪಿ ಆದ ಕ್ರಮದಲ್ಲೇ ಓಡಿಸ್ತವೆ, ಪ್ರಸಂಗದ ಮೂರನೇ ಭಾಗ ಮೊದಲು ಬಂದ್ರೆ ಕೇಳೋ ಮನಸ್ಸೇ ಹೋಗತ್ತೆ, ಹಾಗಾಗಿ ಒಂದೊಂದು ಫೋಲ್ಡರನ್ನ ಕ್ರಮವಾಗಿ ಕಾಪಿ ಮಾಡಿ.

ಮತ್ತೆ ರೆಸ್ಯೂಮ್. ಐದಾರು ಗಂಟೆಯ ತಾಳಮದ್ದಳೆ ಕೇಳ್ತಾ ಎರಡು ಗಂಟೆಗೆ ನಿದ್ದೆ ಬಂತು, ಪ್ಲೇಯರ್ ಆಫ್ ಆಯ್ತು, ಬೆಳಿಗ್ಗೆ ಆನ್ ಮಾಡಿದ್ರೆ ಪೀಠಿಕೆಯಿಂದ ಶುರು ಆದ್ರೆ ಏನು ಮಾಡ್ತೀರಿ? ಐದು ನಿಮಿಷದ ಹಾಡು ಕೇಳೋರಿಗೆ ಇದು ಸಮಸ್ಯೆನೇ ಅಲ್ಲ, ನಿಮಗೆ ಇದೇ ಎಲ್ಲಕ್ಕಿಂತ ದೊಡ್ಡದು. ನಿಲ್ಲಿಸಿದ ಜಾಗದಿಂದ ಮುಂದುವರಿಸೋ ಆಯ್ಕೆ ಇದೆಯಾ, ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೂ ನೆನಪಿರತ್ತಾ ಅಂತ ಕೇಳಿ. ಇಲ್ಲದಿದ್ರೆ ಎಂಪಿ3ಡೈರೆಕ್ಟ್‌ಕಟ್ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ದೊಡ್ಡ ಫೈಲನ್ನ ಅರ್ಧರ್ಧ ಗಂಟೆಯ ತುಂಡು ಮಾಡ್ಕೊಳ್ಳಿ, ಮತ್ತೆ ಹಿಂಡದೆ ಕತ್ತರಿಸೋದ್ರಿಂದ ಗುಣಮಟ್ಟ ಏನೂ ಹೋಗಲ್ಲ.

ಮೆಮೊರಿ ಕಾರ್ಡ್ 128 ಜಿಬಿ ಸಾಕೋ ಸಾಕು. 320ರ ಎಂಪಿ3 ನಿಮಿಷಕ್ಕೆ 2.4 ಎಂಬಿ, ಐದು ನಿಮಿಷದ ಹಾಡು 12 ಎಂಬಿ, ಅಂದ್ರೆ ಹತ್ತು ಸಾವಿರ ಹಾಡು ಹಿಡಿಸತ್ತೆ. ಫ್ಲ್ಯಾಕ್ ಆದ್ರೆ ನಾಲ್ಕು ಸಾವಿರ. ತಾಳಮದ್ದಳೆ ಮೊನೋದಲ್ಲಿ (ಎಡ-ಬಲ ಎರಡಕ್ಕೂ ಒಂದೇ ಸದ್ದು) 128 ಕೆಬಿಪಿಎಸ್ ಇಟ್ರೆ ಗಂಟೆಗೆ 58 ಎಂಬಿ ಅಷ್ಟೇ. ಕಾರ್ಡ್ ತಂದ ತಕ್ಷಣ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪ್ರೋಗ್ರಾಂನಲ್ಲಿ ಪೂರ್ತಿ ಬರೆದು ಓದಿಸಿ ನೋಡಿ, ನಕಲಿ ಕಾರ್ಡ್ ಆದ್ರೆ ಅಲ್ಲೇ ಸಿಕ್ಕಿಬೀಳತ್ತೆ. ಕೆಲವು ಪ್ಲೇಯರ್‌ಗೆ ಎಫ್‌ಎಟಿ32 (ಕಾರ್ಡಲ್ಲಿ ಫೈಲ್ ಜೋಡಿಸಿಡೋ ಒಂದು ಹಳೇ ಪದ್ಧತಿ) ಫಾರ್ಮ್ಯಾಟೇ ಬೇಕು, ಪ್ಲೇಯರ್‌ನ ಮೆನುವಿನಲ್ಲೇ ಫಾರ್ಮ್ಯಾಟ್ ಆಯ್ಕೆ ಇದ್ರೆ ಅಲ್ಲೇ ಮಾಡಿ.

ಕ್ಯಾಸೆಟ್ ಕೆಲಸಕ್ಕೆ ಆತುರ ಬೇಡ. ಕರಾವಳಿಯ ತೇವಕ್ಕೆ ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಬಂದಿರತ್ತೆ, ಪಾರದರ್ಶಕ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿ. ಬೂಷ್ಟು ಇರೋದನ್ನ ಬೇರೆ ಇಡಿ, ಅದನ್ನ ಹಾಕಿದ್ರೆ ಟೇಪ್ ಓದೋ ಹೆಡ್‌ಗೆ ಮೆತ್ಕೊಂಡು ಮುಂದಿನ ಒಳ್ಳೇ ಕ್ಯಾಸೆಟ್ಟಿಗೂ ಹರಡತ್ತೆ, ಅದಕ್ಕೆ ತಿಳಿದವರ ಹತ್ರ ಮೊದಲು ಕ್ಲೀನ್ ಮಾಡಿಸ್ಬೇಕು. ಪ್ರತಿ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಮುರೀದೇ ಇದ್ರೆ ಮುರಿದುಬಿಡಿ, ಯಾರೋ ತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಅಪ್ಪಯ್ಯನ ಪ್ರಸಂಗ ಅಳಿಸಿಹೋಗಲ್ಲ. ಕಮ್ಮಿ ಬೆಲೆಯ ಯುಎಸ್‌ಬಿ ಕ್ಯಾಸೆಟ್ ಕನ್ವರ್ಟರ್‌ಗಳಲ್ಲಿ ಮೋಟಾರ್ ವೇಗ ಒಂದೇ ಸಮ ಇರಲ್ಲ, ಭಾಗವತರ ದನಿ ಅಲುಗಾಡತ್ತೆ. ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೇ ಒಳ್ಳೇ ಡೆಕ್ ಇದ್ರೆ ಬೆಲ್ಟ್ ಬದಲಾಯಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹೆಡ್ ಒರೆಸಿ, ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ಕೊಟ್ಟು ಆಡಾಸಿಟಿ ಅನ್ನೋ ಉಚಿತ ಪ್ರೋಗ್ರಾಂನಲ್ಲಿ 16 ಬಿಟ್, 44.1ರಲ್ಲಿ ರೆಕಾರ್ಡ್ ಮಾಡಿ. ಒಂದೊಂದು ಸೈಡ್ ಒಂದೊಂದು ಫೈಲ್. ಎಂಟು ಗಂಟೆ ಪ್ರಸಂಗವನ್ನ ಒಂದೇ ಸ್ಟೀರಿಯೋ ವೇವ್ ಫೈಲ್ (ಹಿಂಡದೇ ಇರೋದು) ಮಾಡಿದ್ರೆ 5 ಜಿಬಿ ದಾಟತ್ತೆ, ಎಫ್‌ಎಟಿ32 ಕಾರ್ಡಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಮೂಲವನ್ನ ಫ್ಲ್ಯಾಕ್ ಮಾಡಿ ಎರಡು ಕಡೆ ಇಟ್ಕೊಳ್ಳಿ, ಪ್ರಯಾಣಕ್ಕೆ ಅದರಿಂದ ಎಂಪಿ3 ಮಾಡ್ಕೊಳ್ಳಿ. ಸದ್ದು ಕ್ಲೀನ್ ಮಾಡೋ ಫಿಲ್ಟರ್ ಏನೇ ಹಾಕಿದ್ರೂ ಪ್ರಯಾಣದ ಪ್ರತಿಗೆ ಮಾತ್ರ, ಮೂಲಕ್ಕೆ ಬೇಡ.

ಹಾಗಾದ್ರೆ ಹತ್ತು ಸಾವಿರವನ್ನ ನಾನಾದ್ರೆ ಹೀಗೆ ಹಂಚ್ತೀನಿ: ಬಟನ್ ಇರೋ, ಸರಳ ಪ್ಲೇಯರ್‌ಗೆ ಆರು ಸಾವಿರದ ಒಳಗೆ, ಕಿವಿಯೊಳಗೆ ಕೂರೋ ವೈರ್ ಇಯರ್‌ಫೋನ್‌ಗೆ ಎರಡು ಸಾವಿರ (ಕಿವಿಯ ಮೇಲಿಂದ ಸುತ್ತಿ ಬರೋ ತರದ್ದು ತಗೊಳ್ಳಿ, ವೈರ್ ಬಟ್ಟೆಗೆ ಉಜ್ಜೋ ಸದ್ದು ಕಮ್ಮಿ), ಕಾರ್ಡ್‌ಗೆ ಸಾವಿರ-ಸಾವಿರದೈನೂರು, ಉಳಿದಿದ್ದು ಕ್ಯಾಸೆಟ್ ಡೆಕ್ಕಿನ ಬೆಲ್ಟ್‌ಗೆ. ಪವರ್‌ಬ್ಯಾಂಕ್‌ನಿಂದ ಚಾರ್ಜ್ ಮಾಡೋ ಯೋಚನೆ ಇದ್ರೆ ಒಂದ್ಸಲ ಮನೆಯಲ್ಲೇ ನೋಡ್ಕೊಳ್ಳಿ, ಪ್ಲೇಯರ್ ಎಳೆಯೋ ಕರೆಂಟ್ ಎಷ್ಟು ಕಮ್ಮಿ ಅಂದ್ರೆ ಕೆಲವು ಪವರ್‌ಬ್ಯಾಂಕ್ ಏನೂ ಇಲ್ಲ ಅಂದ್ಕೊಂಡು ತಾನೇ ಆಫ್ ಆಗತ್ತೆ. ತಿಂಗಳುಗಟ್ಟಲೆ ಬಳಸದೆ ಇಡೋದಾದ್ರೆ ಅರ್ಧ ಚಾರ್ಜ್‌ನಲ್ಲಿ ಇಡಿ, ಪೂರ್ತಿ ಖಾಲಿ ಮಾಡಿ ಇಟ್ರೆ ಬ್ಯಾಟರಿ ಏಳಲ್ಲ.

ಪ್ಲೇಯರ್ ಬಂದ ಮೇಲೆ ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ ಇಷ್ಟು ಮಾಡಿ. ಒಂದು ಉದ್ದದ ತಾಳಮದ್ದಳೆ ಫೈಲ್ ಹಾಕಿ, ಮಧ್ಯಕ್ಕೆ ಓಡಿಸಿ, ಆಫ್ ಮಾಡಿ ಆನ್ ಮಾಡಿ ಎಲ್ಲಿಂದ ಶುರು ಆಗತ್ತೆ ನೋಡಿ. ಯಾವ ಹಾಡೂ ಹಾಕದೆ ಅಥವಾ ಹಾಡನ್ನ ನಡುವೆ ನಿಲ್ಲಿಸಿ, ನಿಶ್ಶಬ್ದ ಕೋಣೆಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಸುಸ್ ಅನ್ನತ್ತಾ ಕೇಳಿ. ಜ್ಯಾಕ್ ಹತ್ರ ವೈರ್ ಮೆಲ್ಲಗೆ ಅಲ್ಲಾಡಿಸಿ, ಒಂದು ಕಡೆ ಸದ್ದು ಹೋಗಿ ಬರ್ತಿದ್ರೆ ಆ ಪೀಸ್ ಬೇಡ. ರಾತ್ರಿ ಮಲಗುವಾಗ ಪೂರ್ತಿ ಚಾರ್ಜ್ ಮಾಡಿ ಪ್ಲೇ ಒತ್ತಿ ಬಿಟ್ಟುಬಿಡಿ, ಬೆಳಿಗ್ಗೆ ಇನ್ನೂ ಓಡ್ತಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಅವತ್ತೇ ವಾಪಸ್ ಕಳಿಸಿ.